ಬೀಗರ ಮನೆಯ ಆಕಾಶ

ಷಡಕ್ಷರಪ್ಪನವರಿಗೆ ಸಿಟ್ಟು ಬರುತ್ತದೆ ಎಂದು ಹೇಳುವುದು ತಪ್ಪು. ಎಲ್ಲಿಗಾದರೂ ಹೋಗಿದ್ದರೆ ತಾನೆ ಬರುವುದು? ಅದು ಅವರ ಕನ್ನಡಕದ ಹಾಗೆ. ಬೆಳಿಗ್ಗೆ ಎದ್ದ ಕೂಡಲೇ ಮೂಗಿನ ಮೇಲೆ ಏರಿದರೆ ಮಲಗುವಾಗ ಇಳಿಯುವಂಥದ್ದು. ವಿದ್ಯಾನಗರದ ಅವರ ಬೀದಿಯಲ್ಲಿ ಹಾಲಿನವನು ಗಂಟೆ ಬಾರಿಸದೆ ಹಾಲಿಟ್ಟು ಹೋಗುತ್ತಿದ್ದ. ಬಾರಿಸಿದರೆ ನಿನ್ನೆಯ ಹಾಲಿನ ನೀರಿನ ಬಗ್ಗೆ ನಿಂತು ಕೇಳಬೇಕಾಗುತ್ತಿತ್ತು.

ಹುಟ್ಟಿದ್ದು ಕುಂಸಿಯಲ್ಲಿ. ಸರ್ವೆ ಇಲಾಖೆಯಲ್ಲಿ ಕೆಲಸ. ಜೀವನವಿಡೀ ಸರಪಳಿ ಹಿಡಿಸಿಕೊಂಡು ಇವನ ಹೊಲ ಎಲ್ಲಿಗೆ ಮುಗಿಯಿತು, ಅವನ ಹೊಲ ಎಲ್ಲಿಂದ ಶುರುವಾಯಿತು ಎಂದು ಅಳೆದವರು. ಬಾಂದುಕಲ್ಲು ನೆಡಿಸಿದ ದಿನ ಒಂದು ಪಕ್ಷದವರು ‘ದೇವರಂಥ ಮನುಷ್ಯ’ ಎನ್ನುತ್ತಿದ್ದರು, ಇನ್ನೊಂದು ಪಕ್ಷದವರು ‘ಸುಳ್ಳುಗಾರ’ ಎನ್ನುತ್ತಿದ್ದರು. ಮೊದಲನೆಯ ಮಾತು ಅವರಿಗೆ ಮರುದಿನ ಮರೆತುಹೋಗುತ್ತಿತ್ತು. ಎರಡನೆಯದನ್ನು ಹೇಳಿದ ಒಬ್ಬೊಬ್ಬನ ಮುಖವೂ, ಅವನ ಸರ್ವೆ ನಂಬರಿನ ಸಮೇತ, ನಿವೃತ್ತಿಯಾದ ಮೇಲೂ ನೆನಪಿತ್ತು.

ನಿವೃತ್ತಿಯಾದ ಮೇಲೆ ಅವರು ತಾರಸಿ ಹತ್ತಿದರು. ಬೈಯಲು ಕೆಳಗಡೆ ಜನ ಸಾಲದೆ ಹೋಗಿ ಹತ್ತಿದರು ಎಂದು ಹೆಂಡತಿ ಕಾಶಮ್ಮ ಹೇಳುವುದುಂಟು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ, ಒಂದು ನಕ್ಷತ್ರ ತನ್ನ ಜಾಗ ಬಿಟ್ಟು ನಡೆದುಕೊಂಡು ಹೋಗುವುದನ್ನು ಕಂಡರು. ವಿಮಾನದ ಹಾಗೆ ಮಿಣಮಿಣ ಎನ್ನಲಿಲ್ಲ, ಸದ್ದು ಮಾಡಲಿಲ್ಲ, ಆಕಾಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮನೆ ಹೋಗಿ, ಮೂಡಲದಲ್ಲಿ ಆರಿಸಿದ ದೀಪದಂತೆ ಮರೆಯಾಯಿತು. ಅಪ್ಪಣೆ ಕೇಳದೆ ಜಾಗ ಬಿಟ್ಟದ್ದಕ್ಕೆ ಮೊದಲು ಸಿಟ್ಟೇ ಬಂತು. ದುರ್ಗಿಗುಡಿಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಜ್ಞಾನೇಶ್ ಕಂಪ್ಯೂಟರಿನಲ್ಲಿ ಹುಡುಕಿ, “ಅದು ಅಂತರಿಕ್ಷ ನಿಲ್ದಾಣ ಸಾರ್, ಒಳಗೆ ಮೂರು ಜನ ಇದ್ದಾರೆ. ಶಿವಮೊಗ್ಗದ ಮೇಲೆ ಯಾವಾಗ ಯಾವಾಗ ಹೋಗುತ್ತೆ ಅಂತ ಇಲ್ಲೇ ಹಾಕಿದ್ದಾರೆ ನೋಡಿ” ಎಂದ.

ಷಡಕ್ಷರಪ್ಪನವರು ಪರೀಕ್ಷೆ ಮಾಡಿದರು. ಹೇಳಿದ ಹೊತ್ತಿಗೆ ಬಂತು. ಹೇಳಿದ ದಿಕ್ಕಿನಿಂದ ಬಂತು. ಮತ್ತೆ ಪರೀಕ್ಷೆ ಮಾಡಿದರು, ಮತ್ತೆ ಬಂತು. ಸರ್ಕಾರಿ ನೌಕರಿಯಲ್ಲಿ ಅಂಥ ಒಬ್ಬರನ್ನೂ ಅವರು ಕಂಡಿರಲಿಲ್ಲ, ತಮ್ಮನ್ನು ಬಿಟ್ಟು. ಅಲ್ಲಿ ಪಕ್ಕದ ಜಮೀನಿನವನಿಲ್ಲ, ತಕರಾರು ಅರ್ಜಿಯಿಲ್ಲ. ತಾವು ಏನು ಹೇಳಿದರೂ ಸುಳ್ಳುಗಾರ ಎನ್ನಿಸಿಕೊಳ್ಳದ ಒಂದೇ ಒಂದು ಜಾಗ ಆಕಾಶ ಎಂದು ಅವರಿಗೆ ಖಾತ್ರಿಯಾಯಿತು.

ಟೆಲಿಸ್ಕೋಪನ್ನೂ ಮಾಡಿಸಿದರು. ಬೆಂಗಳೂರಿನಿಂದ ತರಿಸಿದ ಕನ್ನಡಿ, ಬಿ.ಎಚ್. ರಸ್ತೆಯಲ್ಲಿ ಕೊಂಡ ದಪ್ಪನೆಯ ಪಿವಿಸಿ ಪೈಪು. ಅದನ್ನು ತಾರಸಿಗೆ ಏರಿಸುವಾಗ ಎದುರು ಮನೆಯವರು “ಬೋರ್‌ವೆಲ್ಲಾ ಸಾರ್? ನೀರು ಬಿತ್ತಾ?” ಎಂದು ಕೇಳಿ ಆರು ತಿಂಗಳ ಮಾತುಕತೆ ಕಳೆದುಕೊಂಡರು. ನಿಜ ಹೇಳಬೇಕೆಂದರೆ ನಿಲ್ದಾಣ ನೋಡಲು ಟೆಲಿಸ್ಕೋಪು ಬೇಡವೇ ಬೇಡ. ಬರಿಗಣ್ಣಿಗೆ ಕಾಣುತ್ತದೆ, ಮತ್ತು ಅದು ಹೋಗುವ ವೇಗಕ್ಕೆ ಪೈಪು ತಿರುಗಿಸುವಷ್ಟರಲ್ಲಿ ಇನ್ನೊಂದು ರಾಜ್ಯದ ಮೇಲಿರುತ್ತದೆ. ಷಡಕ್ಷರಪ್ಪನವರಿಗೆ ಇದು ಗೊತ್ತಿತ್ತು. ಆದರೆ ಬರಿಗೈಯಲ್ಲಿ ಆಕಾಶ ನೋಡುವವನನ್ನು ಜನ ಮಳೆ ಬರುತ್ತಾ ಎಂದು ಕೇಳುತ್ತಾರೆ. ಪೈಪಿನ ಪಕ್ಕ ನಿಂತವನನ್ನು ಹಾಗೆ ಕೇಳುವುದಿಲ್ಲ.

ಈಗ ಬೀಗರ ವಿಷಯ. ಒಬ್ಬಳೇ ಮಗಳು ಶೀತಲ್‌ಳನ್ನು ಭದ್ರಾವತಿಯ ನ್ಯೂ ಟೌನಿಗೆ ಕೊಟ್ಟಿದ್ದರು. ಅಳಿಯ ಉಮಾಮಹೇಶ್ವರ ಸಾಧು. ಅವನ ಅಪ್ಪ ಶಿವಶಂಕರಪ್ಪನವರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು, ಸಾಧುವಲ್ಲ. ಕೆಂಡದಂಥ ಕಬ್ಬಿಣದ ಮುಂದೆ ಕೂಗಿ ಕೂಗಿ ಅಭ್ಯಾಸವಾದ ಗಂಟಲು. “ಕಾಫಿ ತಗೊಳ್ಳಿ” ಎಂದರೂ ಕ್ರೇನು ಇಳಿಸು ಎಂದ ಹಾಗೆ ಕೇಳುತ್ತಿತ್ತು.

ಆ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ. ಆ ಮನೆಯದೇ ಏನು, ನ್ಯೂ ಟೌನಿನ ಎಷ್ಟೋ ಮನೆಗಳಲ್ಲಿ ಹಾಗೆಯೇ. ಶಿಫ್ಟಿಗೆ ಗೇಟು ಹಾಕುವ ಮುಂಚೆ ಒಳಗಿರಬೇಕೆಂದು ಯಾವ ಕಾಲದಲ್ಲೋ ಮುಂದಿಟ್ಟ ಮುಳ್ಳು, ನಿವೃತ್ತಿಯಾದರೂ ಹಿಂದೆ ಬಂದಿರಲಿಲ್ಲ. ಮದುವೆಯ ಮಾತುಕತೆಗೆ ಷಡಕ್ಷರಪ್ಪನವರು ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿದ್ದಾಗ, ಶಿವಶಂಕರಪ್ಪನವರು ಗೋಡೆ ನೋಡಿ, “ಬನ್ನಿ ಬನ್ನಿ, ಹತ್ತು ನಿಮಿಷ ಲೇಟು, ಪರವಾಗಿಲ್ಲ” ಎಂದಿದ್ದರು. ಆ ‘ಪರವಾಗಿಲ್ಲ’ವನ್ನು ಷಡಕ್ಷರಪ್ಪನವರು ಮದುವೆ ಮುಗಿದರೂ ಕ್ಷಮಿಸಿರಲಿಲ್ಲ.

ಹೀಗಿರುವಾಗ, ಸಂಕ್ರಾಂತಿ ಕಳೆದ ವಾರ, ಅಂತರಿಕ್ಷ ನಿಲ್ದಾಣ ಸರಿಯಾಗಿ ನೆತ್ತಿಯ ಮೇಲೆ ಹೋಗುವ ಒಂದು ಸಂಜೆ ಬಂತು. ಬೀಗರಿಗೆ ತೋರಿಸಬೇಕು, ತೋರಿಸಿ ದಂಗುಬಡಿಸಬೇಕು ಎನ್ನಿಸಿತು. ಹಾದುಹೋಗುವುದು ಏಳು ಗಂಟೆಗೆ. ಅಂದು ಬೆಳಿಗ್ಗೆಯೇ ಫೋನು ಎತ್ತಿಕೊಂಡ ಮೇಲೆ ಅವರಿಗೆ ಆ ಗೋಡೆ ಗಡಿಯಾರ ನೆನಪಾಯಿತು. ಏಳು ಎಂದರೆ ಈ ಮಹಾಶಯರು ತಮ್ಮ ಏಳಕ್ಕೆ ಹತ್ತಿ, ಏನೂ ಕಾಣದೆ ಇಳಿದುಬಿಡುತ್ತಾರೆ. ನಿಮ್ಮ ಗಡಿಯಾರ ತಪ್ಪು ಎಂದು ಬೀಗರಿಗೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಆದ್ದರಿಂದ ಅವರು ದೊಡ್ಡ ಮನಸ್ಸು ಮಾಡಿ, ಸದ್ದಿಲ್ಲದೆ, ತಾವೇ ಲೆಕ್ಕ ಸರಿಮಾಡಿದರು.

“ಸರಿಯಾಗಿ ಏಳೂ ಹತ್ತಕ್ಕೆ ನೋಡಿ ಬೀಗ್ರೆ. ನೈರುತ್ಯದಿಂದ ಬರುತ್ತೆ. ಒಂದು ನಿಮಿಷ ಆಚೀಚೆ ಆಗಲ್ಲ.”

ಅತ್ತ ನ್ಯೂ ಟೌನಿನಲ್ಲಿ ಶಿವಶಂಕರಪ್ಪನವರೂ ಆ ದಿನವೇ ದೊಡ್ಡ ಮನಸ್ಸು ಮಾಡಿದರು. ಓದಿದ ಬೀಗರು ನಿಮಿಷದ ಲೆಕ್ಕದಲ್ಲಿ ಹೇಳಿದ್ದಾರೆ, ನಮ್ಮ ಗಡಿಯಾರ ನೋಡಿದರೆ ಹೀಗೆ, ಮರ್ಯಾದೆಯ ಪ್ರಶ್ನೆ ಎಂದು ಸ್ಟೂಲು ಹತ್ತಿ, ರೇಡಿಯೋದ ಪಿಪ್ ಪಿಪ್ ಕೇಳಿಸಿಕೊಂಡು, ಆ ಮನೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದರು. ಆಮೇಲೆ ಇಡೀ ಬೀದಿಯನ್ನು ಮನೆಗೆ ಕರೆದರು. ಮಂಡಕ್ಕಿ ಹುರಿಸಿದರು, ತಾರಸಿಗೆ ಚಾಪೆ ಹಾಕಿಸಿದರು.

ಏಳು ಗಂಟೆಗೆ ಬೀದಿಯವರೆಲ್ಲ ಕೆಳಗಿನ ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಏಳೂ ಹತ್ತಕ್ಕೆ ಎಲ್ಲರೂ ತಾರಸಿಯಲ್ಲಿ ಕತ್ತು ಎತ್ತಿ ನಿಂತಿದ್ದರು. ಆಕಾಶದಲ್ಲಿ ಕಾರ್ಖಾನೆಯ ಕಡೆಯ ಕೆಂಪು ಬಿಟ್ಟರೆ ಇನ್ನೇನೂ ನಡೆಯಲಿಲ್ಲ.

ಫೋನು ಬಂದಾಗ ಷಡಕ್ಷರಪ್ಪನವರು ತಾರಸಿಯಿಂದ ಇಳಿದು, ಕಂಡ ಸೊಬಗಿನಲ್ಲಿ ಸ್ವಲ್ಪ ಮೆತ್ತಗೂ ಆಗಿ, ಮೆಚ್ಚುಗೆ ಕೇಳಲು ಸಿದ್ಧರಾಗಿ ಕುಳಿತಿದ್ದರು.

“ಬೀಗ್ರೆ! ಎಲ್ರೀ ನಿಮ್ಮ ನಿಲ್ದಾಣ? ರಜಾ ಹಾಕಿತ್ತಾ?”

“ಏನಂದ್ರಿ? ನಾನು ಕಣ್ಣಾರೆ ನೋಡಿ ಈಗ ಇಳಿದಿದೀನಿ!”

“ಇಲ್ಲಿ ಬೀದಿಗೆ ಬೀದೀನೇ ಕತ್ತು ನೋವು ಅಂತ ಕೂತಿದೆ. ಪಕ್ಕದ್ಮನೆ ಮಾರಪ್ಪ ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿ ಅಂತಾನೆ.”

“ನಿಮ್ಮ ಗಡಿಯಾರ ನೋಡ್ಕೊಳ್ಳಿ ಮೊದ್ಲು!”

“ನೋಡ್ಕೊಂಡೇ ಹೇಳ್ತಿರೋದು! ಬೆಳಿಗ್ಗೆ ರೇಡಿಯೋ ಟೈಮಿಗೆ ನಾನೇ ಸರಿಮಾಡಿದೀನಿ, ನಿಮ್ಮ ಮಾತಿಗೆ ಬೆಲೆ ಕೊಟ್ಟು!”

ಆ ಹತ್ತು ನಿಮಿಷ ಎಲ್ಲಿಂದ ಬಂತು, ಯಾರು ಸೇರಿಸಿದ್ದು ಎಂದು ಷಡಕ್ಷರಪ್ಪನವರಿಗೆ ಆ ಕ್ಷಣದಲ್ಲೇ ತಿಳಿಯಿತು. ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೇಳುವುದು ಹೇಗೆ? ಜೀವಮಾನದಲ್ಲಿ ಒಂದು ಗೇಣು ಆಚೀಚೆ ಮಾಡದ ಸರ್ವೆಯವನು ಅಳತೆಗೆ ತನ್ನ ಕೈಯಿಂದ ಬೆರಕೆ ಹಾಕಿದೆ ಎನ್ನುವುದೆ? ತಪ್ಪಿಲ್ಲದವನ ಸಿಟ್ಟಿಗೆ ಎಲ್ಲೋ ಒಂದು ಕೊನೆಯಿದೆ. ತಪ್ಪು ತನ್ನದೆಂದು ಗೊತ್ತಾದವನ ಸಿಟ್ಟಿಗೆ ಅದೂ ಇಲ್ಲ. ಅವರು ರಿಸೀವರಿನೊಳಗೆ ಗುಡುಗಿದರು.

“ನಾನು ಸುಳ್ಳು ಹೇಳ್ತೀನಾ ಹಂಗಾದ್ರೆ?”

“ನಾನು ಹಂಗಂದಿಲ್ಲ. ಆದ್ರೆ ಬಂದಿಲ್ಲ ಅನ್ನೋದು ನಿಜ. ಅಲ್ಲಿಗೆ ಏನಾಯ್ತೋ ನೀವೇ ಲೆಕ್ಕ ಹಾಕ್ಕೊಳ್ಳಿ.”

ನಡುವೆ ಶೀತಲ್ ಫೋನು ತೆಗೆದುಕೊಂಡಳು. “ಅಪ್ಪ, ನಾನು ಒಂದು ಮಾತು…”

“ನೀನು ಸುಮ್ನಿರು! ಆ ಮನುಷ್ಯಂಗೆ ಹೇಳು, ನಾನು ಹೇಳಿದ್ದು ನಿಜ ಅಂತ ಒಪ್ಪೋ ತನಕ ಆ ಮನೆ ಮೆಟ್ಟಿಲು ಹತ್ತಲ್ಲ!” ಎಂದು ಫೋನನ್ನು ಕುಕ್ಕಿದರು. ತಿರುಗಿ ನೋಡಿದರೆ ಕಾಶಮ್ಮ ಬಾಗಿಲಲ್ಲಿ ನಿಂತಿದ್ದರು.

“ಚೆನ್ನಾಗಾಯ್ತು. ಮಗಳಿಗೆ ಆರು ತಿಂಗಳು. ಬರೋ ತಿಂಗಳು ಕರ್ಕೊಂಡ್ ಬರೋಕೆ ಯಾರು ಹೋಗ್ತಾರೆ, ನಿಮ್ಮ ನಿಲ್ದಾಣದಲ್ಲಿರೋ ಆ ಮೂರು ಜನಾನಾ?”

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರಬೇಕಾದವನು ತಂದೆ. ಅವನೇ ಹೋಗಬೇಕು, ಒಳಗೆ ಕೂತು ಊಟ ಮಾಡಬೇಕು, ಬೀಗರ ಕೈಯಿಂದಲೇ ಕಳಿಸಿಕೊಳ್ಳಬೇಕು. ಅಳಿಯನ ಜೊತೆ ಕಳಿಸಿಬಿಡಿ ಎನ್ನುವ ಹಾಗಿಲ್ಲ. ಷಡಕ್ಷರಪ್ಪನವರು ಹಾಗೆ ಒಮ್ಮೆ ಅಂದು ನೋಡಿದರು. ಕಾಶಮ್ಮ ಎರಡು ದಿನ ಅಡುಗೆಗೆ ಉಪ್ಪು ಹಾಕಲಿಲ್ಲ. ಅವರು ಬೇರೆ ಮಾತನ್ನೂ ತೆಗೆಯುತ್ತಿದ್ದರು: “ಏಳು ಗಂಟೆಗೆ ಮೇಲೆ ಹೋಗಿ ನೋಡ್ಕೊಂಡು ಬಂದ್ರಿ. ಅವ್ರಿಗೆ ಏಳೂ ಹತ್ತು ಅಂದ್ರಿ. ನಂಗೆ ಕಿವಿ ಇಲ್ವಾ?” ಅದಕ್ಕೆ ಷಡಕ್ಷರಪ್ಪನವರು, “ನಿಂಗೆ ಖಗೋಳ ಅರ್ಥ ಆಗಲ್ಲ ಮಾರಾಯ್ತಿ” ಎಂದು ತಾರಸಿ ಹತ್ತುತ್ತಿದ್ದರು.

ತಾರಸಿಯಲ್ಲೂ ನೆಮ್ಮದಿಯಿರಲಿಲ್ಲ. ಅದೇ ತಿಂಗಳು ಸರ್ಕಲ್ಲಿನಲ್ಲಿ ತಾಳೆಮರದೆತ್ತರದ ಕಂಬ ನೆಟ್ಟು, ಅದರ ತುದಿಗೆ ಮದುವೆ ಚಪ್ಪರದಷ್ಟು ದೀಪ ಸಿಕ್ಕಿಸಿ, ಕೆಳಗೆ ಅದನ್ನು ಉದ್ಘಾಟಿಸಿದವರ ಹೆಸರನ್ನು ದೀಪಕ್ಕಿಂತ ದೊಡ್ಡದಾಗಿ ಬರೆಸಿದ್ದರು. ಅರ್ಧ ಆಕಾಶ ಹೋಯಿತು. ಉಳಿದರ್ಧದ ಕೆಳಗೆ ಅವರು ಒಂದು ಉಪಾಯ ಕಂಡುಹಿಡಿದರು. ಕರೆತರುವ ವಾರದಲ್ಲೇ ನಿಲ್ದಾಣ ಮತ್ತೊಮ್ಮೆ ಸಂಜೆಯಲ್ಲಿ ಹಾಯುವುದಿತ್ತು. ಆ ಸಂಜೆಯೇ ಹೋಗುವುದು. ಮೆಟ್ಟಿಲು ಹತ್ತದೆ ಬೀದಿಯಲ್ಲೇ ನಿಂತು, ಬೀದಿಗೆಲ್ಲ ತೋರಿಸಿ, ಬೀಗರ ಬಾಯಿಂದ ಒಪ್ಪಿಸಿ, ಆಮೇಲೆ ಹತ್ತುವುದು.

“ಬಸ್ರಿ ಹೆಂಗಸನ್ನ ಮುಸ್ಸಂಜೆಲಿ ಯಾರಾದ್ರೂ ಕರ್ಕೊಂಡ್ ಬರ್ತಾರಾ?” ಎಂದರು ಕಾಶಮ್ಮ.

“ಬೆಳಿಗ್ಗೆ ಹೊತ್ತು ಅದು ಕಾಣಲ್ಲ.”

“ಮಗಳು ಕಾಣ್ತಾಳಲ್ರೀ!”

ಈ ಮಾತಿಗೆ ಅವರಿಗೆ ಇನ್ನಷ್ಟು ಸಿಟ್ಟು ಬಂತು. ಸಿದ್ದು ಎಂಬವನ ಓಮ್ನಿ ವ್ಯಾನು ಗೊತ್ತುಮಾಡಿ, ಪೈಪನ್ನು ಹಿಂದಿನ ಬಾಗಿಲಿನಿಂದ ಹೊರಗೆ ಚಾಚಿ ಕಟ್ಟಿಸಿ, ಇಸ್ತ್ರಿ ಮಾಡಿದ ಜುಬ್ಬಾದಲ್ಲಿ ಹೊರಟರು. ಭದ್ರಾವತಿಯ ತನಕ ಹಿಂದೆ ಬಂದ ಒಂದೊಂದು ಲಾರಿಯೂ ಆ ಪೈಪಿಗೆ ಹಾರನ್ ಹೊಡೆಯಿತು. ಅವರು ಒಂದೊಂದಕ್ಕೂ ಕಿಟಕಿಯಿಂದ ತಲೆ ಹೊರಹಾಕಿ ಉತ್ತರ ಕೊಟ್ಟರು.

ನ್ಯೂ ಟೌನಿನಲ್ಲಿ ವ್ಯಾನು ನಿಂತಾಗ ದೀಪ ಹಚ್ಚುವ ಹೊತ್ತು. ಷಡಕ್ಷರಪ್ಪನವರು ಇಳಿದು, ಬೀಗರ ಗೇಟಿನಿಂದ ಮಾರು ದೂರದಲ್ಲಿ, ರಸ್ತೆಯ ನಟ್ಟನಡುವೆ ಮುಕ್ಕಾಲಿ ಊರಿ ಪೈಪು ಏರಿಸಿದರು. ಸರ್ವೆಯ ಗತ್ತು ಅದು. ಜನ ಸೇರಲು ಅಷ್ಟು ಸಾಕಾಯಿತು. ಮಾರಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಬಂದ. “ಏನ್ ಸಾರ್, ರಸ್ತೆ ಅಗಲ ಮಾಡ್ತಾರಾ? ನಮ್ಮ ಕಾಂಪೌಂಡ್ ಹೋಗುತ್ತಾ?”

ಶಿವಶಂಕರಪ್ಪನವರು ಜಗುಲಿಗೆ ಬಂದು ನಿಂತರು. “ಒಳಗೆ ಬನ್ನಿ ಬೀಗ್ರೆ.” ಬನ್ನಿ ಎನ್ನುವುದು ಹೋಗಿ ಎಂದಂತೆ ಕೇಳಿಸಿತು.

“ಬರಲ್ಲ. ನೀವೇ ಕೆಳಗಿಳೀರಿ. ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ನೆತ್ತಿ ಮೇಲೇ ಹೋಗುತ್ತೆ. ನೋಡಿ, ನಾಲ್ಕು ಜನರ ಮುಂದೆ ಒಪ್ಕೊಳ್ಳಿ.”

“ನನ್ನ ಮನೆ ಜಗುಲಿ ಮೇಲೂ ಆಕಾಶ ಇದೆ. ನಾನು ಇಳಿಯಲ್ಲ.”

“ಶೀತಲ್! ಬಾಮ್ಮ, ಗಾಡಿ ಹತ್ತು!”

ಶೀತಲ್ ಬಾಗಿಲಿಗೆ ಬಂದಳು. ಬೆಳಿಗ್ಗೆಯಿಂದ ಹೊಸ ಸೀರೆ ಉಟ್ಟು, ಮಡಿಲು ತುಂಬಿಸಿಕೊಂಡು, ಕಾದು ಕಾದು ಕಾಲು ಬಾತಿದ್ದ ಹುಡುಗಿ. ಅಪ್ಪನ ಸಿಟ್ಟು ಆಸ್ತಿಯಾಗಿ ಯಾರಿಗೆ ಬಂದಿದೆ ಎಂದು ಬೀದಿಗೆ ಆಗ ಗೊತ್ತಾಯಿತು. ಅಪ್ಪನದು ಕೂಗುವ ಸಿಟ್ಟು. ಇವಳದು ತಣ್ಣಗೆ ನಿಲ್ಲುವಂಥದ್ದು.

“ಬೀದಿಲಿ ನಿಂತು ಕೂಗಿದ್ರೆ ಬರೋಕೆ ನಾನೇನು ಆಟೋನಾ ಅಪ್ಪ?”

ಮಾರಪ್ಪ ಎತ್ತಿ ಕಟ್ಟಿದ್ದ ಲುಂಗಿ ಇಳಿಸಿದ, ಶೀತಲ್ ಮುಂದುವರಿಸಿದಳು.

“ಅವತ್ತು ನಾನು ನೋಡ್ದೆ. ಚಾಪೆ ಹಾಕೋಕೆ ಮೇಲೆ ಹೋಗಿದ್ದೆ, ಏಳು ಗಂಟೆಗೆ. ಹೊಳೀತಾ ಹೊಳೀತಾ ಈ ತುದಿಯಿಂದ ಆ ತುದಿಗೆ ಹೋಯ್ತು. ಒಬ್ಳೇ ನಿಂತು ಪೂರ್ತಿ ನೋಡ್ದೆ. ಕೆಳಗೆ ಬಂದು ಹೋಯ್ತು ಮಾವ ಅಂದ್ರೆ, ಇನ್ನೂ ಟೈಮ್ ಆಗಿಲ್ಲ ಕೂತ್ಕೋಮ್ಮ ಅಂದ್ರು ಇವ್ರು. ಫೋನಲ್ಲಿ ಹೇಳೋಕೆ ಬಂದ್ರೆ ಸುಮ್ನಿರು ಅಂದ್ರಿ ನೀವು. ಒಂದು ತಿಂಗಳಿಂದ ಇಬ್ರೂ ಬಂತು, ಬಂದಿಲ್ಲ ಅಂತ ಹೊಡೆದಾಡ್ತಿದೀರಿ. ನೋಡಿದೋಳನ್ನ ಒಬ್ರಾದ್ರೂ ಕೇಳಿದ್ರಾ? ಏಳಕ್ಕೆ ಬರೋದನ್ನ ಏಳೂ ಹತ್ತು ಅಂತ ಯಾಕೆ ಹೇಳಿದ್ರಿ ಅಪ್ಪ?”

ಷಡಕ್ಷರಪ್ಪನವರು ಪೈಪನ್ನು ಹಿಡಿದುಕೊಂಡರು. ಎಷ್ಟೋ ಹೊಲಗಳಲ್ಲಿ ಎರಡು ಪಕ್ಷದ ನಡುವೆ ನಿಂತು ತೀರ್ಪು ಹೇಳಿದ್ದರು. ತಾವೇ ಒಂದು ಪಕ್ಷವಾಗಿ ನಿಂತು ಗೊತ್ತಿರಲಿಲ್ಲ. ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಹತ್ತು ನಿಮಿಷ ನಾನು ಸೇರಿಸ್ದೆ,” ಎಂದರು ಕಡೆಗೆ, ಅದನ್ನೂ ಗದರಿಸುವ ದನಿಯಲ್ಲೇ. “ಇವ್ರ ಮನೆ ಗಡಿಯಾರ ಮುಂದಿದೆ ಅಂತ ಸೇರಿಸ್ದೆ. ಇವ್ರು ಹಿಂದೆ ತಿರುಗಿಸ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?”

ಇಷ್ಟರಿಂದ ಶಾಂತಿಯಾಗಬೇಕಿತ್ತು. ಆದರೆ ಶಿವಶಂಕರಪ್ಪನವರ ಮುಖ ಕುಲುಮೆಯ ಬಣ್ಣಕ್ಕೆ ತಿರುಗಿತು.

“ಓಹೋ! ಅಂದ್ರೆ ನಮಗೆ ಸರಿಯಾದ ಟೈಮ್ ಇಟ್ಕೊಳ್ಳೋಕೆ ಬರಲ್ಲ ಅಂತ ತೀರ್ಮಾನ ಮಾಡಿದ್ರಿ! ಬಾಯಿಬಿಟ್ಟು ಹೇಳೋಕಾಗದೆ ಚಿಕ್ಕ ಹುಡುಗ್ರಿಗೆ ಮಾತ್ರೆ ಬೆಲ್ಲದಲ್ಲಿಟ್ಟು ಕೊಟ್ಟ ಹಂಗೆ ಕೊಟ್ರಿ!” ಎನ್ನುತ್ತ ಅವರು ಜಗುಲಿಯಿಂದ ಧಡಧಡ ಇಳಿದು ರಸ್ತೆಗೇ ಬಂದರು. ಇಳಿಯಲ್ಲ ಎಂದದ್ದು ಅವರಿಗೆ ನೆನಪಿರಲಿಲ್ಲ. “ಆ ಗಡಿಯಾರ ನೋಡ್ಕೊಂಡೇ ಒಂದು ದಿನಾನೂ ಗೇಟ್ ಲೇಟಾಗದೆ ಸರ್ವೀಸ್ ಮುಗಿಸಿದೀನಿ ನಾನು!”

“ಲೇಟು ಅಂದೋರು ಯಾರು? ನನ್ನ ಲೇಟು ಅಂದೋರು ನೀವು! ಮದುವೆ ಮಾತುಕತೆ ದಿವ್ಸ!”

“ಅದನ್ನ ಇನ್ನೂ ಇಟ್ಕೊಂಡಿದೀರಾ?”

“ಯಾಕೆ ಬಿಡ್ಲಿ? ಪರವಾಗಿಲ್ಲ ಅಂದ್ರಲ್ಲ, ಯಾರು ಕೇಳಿದ್ರು ನಿಮ್ಮ ಪರವಾಗಿಲ್ಲಾನ?”

ಇಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣು ನೆಟ್ಟು ಕೂಗುತ್ತಿದ್ದರು. ಆದ್ದರಿಂದ ಬೀದಿಯ ಕತ್ತುಗಳೆಲ್ಲ ಒಮ್ಮೆಗೇ ಮೇಲೆದ್ದದ್ದು ಅವರಿಗೆ ಕಾಣಲಿಲ್ಲ. ಕಾರ್ಖಾನೆಯ ಕೆಂಪಿನಿಂದ ಮೇಲೆ, ಬಿಳಿಯ, ದೊಡ್ಡ ಚುಕ್ಕೆಯೊಂದು ಯಾರ ಹಂಗೂ ಇಲ್ಲದೆ ಹೊರಟು ಬಂತು. ನೆತ್ತಿಗೇರಿತು, ಇಬ್ಬರು ಬೀಗರ ಬೋಳುತಲೆಗಳ ಮೇಲೆ ಸರಿಯಾಗಿ ಹಾಯಿತು, ಮೂಡಲಕ್ಕೆ ಇಳಿದು ಆರಿತು. ಶೀತಲ್ ಬಾಗಿಲ ಚೌಕಟ್ಟಿಗೆ ಒರಗಿ, ಒಂದು ಕೈ ಹೊಟ್ಟೆಯ ಮೇಲಿಟ್ಟು ಪೂರ್ತಿ ನೋಡಿದಳು. ಅಪ್ಪನನ್ನು ಕರೆಯಲಿಲ್ಲ. ಮಾವನನ್ನೂ ಕರೆಯಲಿಲ್ಲ.

“ಹೋಯ್ತು!” ಎಂದ ಮಾರಪ್ಪ.

“ಏನು ಹೋಯ್ತು?” ಎಂದು ಇಬ್ಬರೂ ಒಟ್ಟಿಗೆ ತಿರುಗಿದರು. ಷಡಕ್ಷರಪ್ಪನವರು ಪೈಪನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಅದರಲ್ಲಿ ಕಂಡದ್ದು ಮಾರಪ್ಪನ ಮನೆಯ ನೀರಿನ ಟ್ಯಾಂಕು.

ಶೀತಲ್‌ಳ ಅತ್ತೆ ಈಶ್ವರಮ್ಮ ಈಗ ಬಾಗಿಲಿಗೆ ಬಂದು, “ದೀಪ ಹಚ್ಚಾಯ್ತು. ಇನ್ನು ಬಸ್ರಿನ ಹೊಸ್ತಿಲು ದಾಟಿಸಲ್ಲ ನಾನು. ಬೆಳಿಗ್ಗೆ ಕಳಿಸ್ತೀನಿ. ವ್ಯಾನಿನೋನಿಗೆ ಹೋಗು ಅನ್ನಿ” ಎಂದರು.

“ನಾನು?” ಎಂದರು ಷಡಕ್ಷರಪ್ಪನವರು.

“ನೀವು ಇಲ್ಲೇ ಮಲಗ್ತೀರಿ,” ಎಂದಳು ಶೀತಲ್. “ಮೆಟ್ಟಿಲು ಹತ್ತಿ, ಊಟ ಮಾಡಿ, ಬೆಳಿಗ್ಗೆ ಕ್ರಮವಾಗಿ ಕರೆದ್ರೆ ಬರ್ತೀನಿ. ಇಲ್ಲಾಂದ್ರೆ ಹೆರಿಗೆ ಇಲ್ಲೇ.”

ಬೀದಿಯಿಡೀ ಆ ಮೂರು ಮೆಟ್ಟಿಲುಗಳನ್ನು ನೋಡುತ್ತ ನಿಂತಿತು. ಷಡಕ್ಷರಪ್ಪನವರು ಪೈಪನ್ನು ಕಂಕುಳಲ್ಲಿ ಅಮುಕಿಕೊಂಡು, ಒಂದೊಂದು ಮೆಟ್ಟಿಲಿನ ಮೇಲೂ ಅದು ತಕರಾರಿನ ಜಮೀನೋ ಎಂಬಂತೆ ಕಾಲಿಟ್ಟು ಹತ್ತಿದರು. ಶಿವಶಂಕರಪ್ಪನವರು ಹಿಂದಿನಿಂದ, “ಪೈಪು ಜೋಪಾನ, ಬಾಗಿಲಿಗೆ ಬಡಿಯುತ್ತೆ” ಎಂದು ಕೂಗಿದರು. ಕಾಳಜಿ ಪೈಪಿಗೋ ಬಾಗಿಲಿಗೋ ತಿಳಿಯಲಿಲ್ಲ.

ಒಳಗೆ ಗೋಡೆಯ ಗಡಿಯಾರ ಮತ್ತೆ ಹತ್ತು ನಿಮಿಷ ಮುಂದಿತ್ತು. ಹೋದ ತಿಂಗಳ ಆ ಅವಮಾನದ ರಾತ್ರಿಯೇ ಶಿವಶಂಕರಪ್ಪನವರು ಸ್ಟೂಲು ಹತ್ತಿ ತಿರುಗಿಸಿದ್ದರು. ಷಡಕ್ಷರಪ್ಪನವರು ಅದನ್ನು ನೋಡಿದರು. ಬೀಗರು ಇವರು ನೋಡಿದ್ದನ್ನು ನೋಡಿದರು. ಶೀತಲ್ ಇಬ್ಬರನ್ನೂ ನೋಡಿದಳು.

ಎಲೆ ಹಾಕಿದ್ದು ಅಕ್ಕಪಕ್ಕದಲ್ಲಿ. ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿರುವಾಗ ಕಿಟಕಿಯಿಂದ ಮಾರಪ್ಪನ ಗಂಟಲು ಕೇಳಿಸಿತು. ಅವನು ರಸ್ತೆಯ ನಟ್ಟನಡುವೆ, ಮುಕ್ಕಾಲಿ ಊರಿದ್ದ ಜಾಗದಲ್ಲೇ ನಿಂತು, ತಡವಾಗಿ ಬಂದವರಿಗೆ ವಿವರಿಸುತ್ತಿದ್ದ. “ನಾನು ಹೇಳ್ತೀನಿ ಕೇಳಿ, ಅದು ಒಂದು ಥರಾ ವಿಮಾನ. ವರ್ಷಕ್ಕೊಂದ್ಸಲ ಬರೋದು. ನಾನು ಮೊದ್ಲಿಂದ್ಲೂ ನೋಡ್ತಾ ಬಂದಿದೀನಿ. ಸರಿಯಾದ ಟೈಮ್ ಗೊತ್ತಿರ್ಬೇಕು ಅಷ್ಟೆ.”

ಷಡಕ್ಷರಪ್ಪನವರ ಕೈಯ ತುತ್ತು ನಿಂತಿತು. ಶಿವಶಂಕರಪ್ಪನವರದೂ ನಿಂತಿತು.

“ವರ್ಷಕ್ಕೊಂದ್ಸಲ ಅಂತೆ!” ಎಂದರು ಒಬ್ಬರು.

“ಅವತ್ತು ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿ ಅಂದೋನು ಇವ್ನೇ!” ಎಂದರು ಇನ್ನೊಬ್ಬರು.

ಇಬ್ಬರೂ ಎಂಜಲುಗೈಯಲ್ಲೇ ಎದ್ದು, ಭುಜಕ್ಕೆ ಭುಜ ಒತ್ತಿಕೊಂಡು ಕಿಟಕಿಗೆ ನುಗ್ಗಿದರು.

“ಕೂತ್ಕೊಳ್ಳಿ ಇಬ್ರೂ,” ಎಂದಳು ಶೀತಲ್.

ಕೂತರು.